ಲಿವರ್ ಎತ್ತಿದವರು, ಇಳಿಸಲು ಮರೆತವರು

ಹಳೇ ಡೀಸೆಲ್ ಟ್ರ್ಯಾಕ್ಟರ್ ಚಾಲೂ ಆಗದೆ ನಿಂತರೆ ಮೆಕ್ಯಾನಿಕ್ ಬರುವುದಕ್ಕೆ ಮುಂಚೆ ಸಲಹೆ ಬಂದುಬಿಡುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಂತೂ ದಾರಿಯಲ್ಲಿ ಹೊರಟ ಸೈಕಲ್ಲಿನವನೂ ಇಳಿದು, "ರಿಂಗ್ ಹೋಗ್ಯಾವ್ರಿ ಕಾಕಾ" ಎಂದು ತೀರ್ಪು ಕೊಟ್ಟು ಮುಂದಕ್ಕೆ ಹೋಗುತ್ತಾನೆ. ಪಿಸ್ಟನ್ ರಿಂಗಿನ ಖರ್ಚು ಅವನದಲ್ಲವಲ್ಲ. ಹೆಡ್ ಕವರಿನ ಮಗ್ಗುಲಲ್ಲಿ ಸಿಲಿಂಡರಿನ ಒತ್ತಡ ಬಿಡುವ ಬೆರಳುದ್ದದ ಡಿಕಂಪ್ರೆಷನ್ ಲಿವರ್ ಮಾತ್ರ ಎತ್ತಿದ್ದು ಎತ್ತಿದ ಹಾಗೇ ಇರುತ್ತದೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು 16–18 ಪಟ್ಟು ಒತ್ತಿ, ಆ ಕಾವಿನಲ್ಲೇ ಡೀಸೆಲ್ ಎಣ್ಣೆ ಹೊತ್ತಬೇಕು. ಒತ್ತಡ ಚದರ ಸೆಂಟಿಮೀಟರಿಗೆ 30 ಕಿಲೋ ದಾಟುತ್ತದೆ. ಗರಡಿಮನೆಯ ಪೈಲ್ವಾನನೂ ಹ್ಯಾಂಡಲ್ ಹಿಡಿದು ಅಲ್ಲೇ ನಿಲ್ಲುತ್ತಾನೆ. ಲಿವರ್ ಎತ್ತಿದರೆ ಒಂದು ಮಗ್ಗುಲು ಚಪ್ಪಟೆಯಾದ ಶಾಫ್ಟ್ ತಿರುಗಿ, ರಾಕರನ್ನು (ವಾಲ್ವ್ ಒತ್ತುವ ತೋಳು) ಒತ್ತಿ, ವಾಲ್ವನ್ನು (ಹೆಚ್ಚಾಗಿ ಎಕ್ಸಾಸ್ಟಿನದು) ಸೀಟಿನಿಂದ ತುಸು ಸರಿಸಿ ಹಿಡಿಯುತ್ತದೆ. ಗಾಳಿ ಹೊರಗೆ, ಹ್ಯಾಂಡಲ್ ಹಗುರ. ಫ್ಲೈವೀಲ್ (ಇಂಜಿನ್ನಿನ ಭಾರದ ಚಕ್ರ) ವೇಗ ಹಿಡಿದ ಮೇಲೆ ಲಿವರ್ ಇಳಿಸಿದರೆ, ಕೈಯಿಂದಾಗದ ಕೆಲಸವನ್ನು ಅದರ ತೂಕವೇ ಮಾಡುತ್ತದೆ.

ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರಿನವರು ಮನುಷ್ಯರ ಮರೆವನ್ನು ಮೊದಲೇ ಲೆಕ್ಕ ಹಾಕಿದ್ದರು. ಫ್ಲೈವೀಲಿನಲ್ಲೇ ಸುರುಳಿ ಗೀರು ಕೊರೆದು ಅದರಲ್ಲೊಂದು ಪುಟ್ಟ ಗಾಲಿ ಓಡಿಸಿದರು. ಇಷ್ಟು ಸುತ್ತು ಆದಮೇಲೆ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಜಾನ್ ಡೀರ್‌ನ ಹಳೇ ಎರಡು ಸಿಲಿಂಡರಿನ ಗಾಡಿಗಳಿಗೆ ಸಿಲಿಂಡರಿಗೊಂದು ಗಾಳಿ ಬಿಡುವ ಸಣ್ಣ ಕಾಕ್ (ನಲ್ಲಿ) ಇರುತ್ತಿತ್ತು. ಅದನ್ನು ತೆರೆದು, ಫ್ಲೈವೀಲನ್ನೇ ಕೈಯಿಂದ ತಿರುಗಿಸಿ, ಹತ್ತಿಕೊಂಡ ಮೇಲೆ ಮುಚ್ಚುವುದು. ನಮ್ಮ ಕಡೆ ಲಿವರ್ ಇಳಿಸುವ ಕೆಲಸಕ್ಕೆ ಮನೆಯ ಸಣ್ಣ ಹುಡುಗನನ್ನು ನಿಲ್ಲಿಸುತ್ತಾರೆ. ಅವನು ಗಡಿಬಿಡಿಯಲ್ಲಿ ಬೇಗ ಇಳಿಸಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ತಡ ಮಾಡಿದರೆ ಅಷ್ಟರಲ್ಲಿ ಹ್ಯಾಂಡಲ್ ತಿರುಗಿಸುವ ಮಾಮಾನ ಉಸಿರು ಮುಗಿದಿರುತ್ತದೆ. ಹಾಗಾಗಿ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮಗ್ಗುಲಲ್ಲೇ ಇರಲಿ, ಹ್ಯಾಂಡಲನ್ನು ಸುತ್ತಿ ಹಿಡಿಯುವುದು ಬೇಡ. ಹೆಗಲ ಮೇಲಿನ ಟಾವೆಲನ್ನು ಮೊದಲು ಬೇರೆಯವರ ಕೈಗೆ ಕೊಡಿ. ಹ್ಯಾಂಡಲಿನ ಬಾಯಿಗೆ ಗ್ರೀಸ್ ಇರಲಿ. ಇಲ್ಲದಿದ್ದರೆ ಇಂಜಿನ್ ಹತ್ತಿಕೊಂಡರೂ ಅದು ಬಿಟ್ಟು ಬರದೆ ಜೊತೆಗೇ ತಿರುಗುತ್ತದೆ. ಆಗ ಸಲಹೆಗಾರರೆಲ್ಲ ಒಮ್ಮೆಲೇ ಮಾಯ.

ಲಿವರ್ ಎತ್ತಿಯೇ ನಿಧಾನ ತಿರುಗಿಸಿ ಕಿವಿಗೊಟ್ಟರೆ ಎರಡು ಸುತ್ತಿಗೊಮ್ಮೆ ಎಣ್ಣೆ ಚಿಮ್ಮಿಸುವ ನಾಝಲ್ "ಕಿರ್" ಎನ್ನಬೇಕು. ಅನ್ನದಿದ್ದರೆ ಹೆಚ್ಚಾಗಿ ಎಣ್ಣೆಯ ಪೈಪಿನಲ್ಲಿ ಗಾಳಿ ಕೂತಿರುತ್ತದೆ. ಅದನ್ನು ತೆಗೆಯದೆ ಎಷ್ಟು ತಿರುಗಿಸಿದರೂ ಬೆವರಷ್ಟೇ ಬರುತ್ತದೆ. ಲಿವರ್ ಇಳಿಸಿ ತಿರುಗಿಸಿದರೆ ಹ್ಯಾಂಡಲ್ ಸ್ಪ್ರಿಂಗಿನಂತೆ ಪುಟಿಯಬೇಕು. ಪುಟಿಯದೆ ಎಕ್ಸಾಸ್ಟಿನಲ್ಲಿ "ಚಸ್" ಎಂದರೆ ಹೆಡ್ ಬಿಚ್ಚುವ ಮೊದಲು ಲಿವರಿನ ಸ್ಕ್ರೂ ನೋಡಿ. ವಾಲ್ವ್ ಸೀಟಿನಲ್ಲಿ ಸವೆದು ಒಳಗೆ ಕೂತಂತೆ ಆ ಸ್ಕ್ರೂಗೂ ರಾಕರಿಗೂ ನಡುವಿನ ಸಂದು ಕಡಿಮೆಯಾಗಿ, ಲಿವರ್ ಇಳಿಸಿದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಸಿ ಹೊಗೆ ಮುಚ್ಚದ ವಾಲ್ವಿನ ಸಂದಿಯಲ್ಲೇ ನುಗ್ಗಿ ವಾಲ್ವಿನ ಅಂಚು ಸುಡುತ್ತದೆ. ಎರಡು ನಿಮಿಷದ ಸ್ಪ್ಯಾನರ್ ಕೆಲಸಕ್ಕೆ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ), ಪಿಸ್ಟನ್ ಎಲ್ಲ ಹೊಸದು ಹಾಕಿಸಿಕೊಂಡ ಗಾಡಿಗಳಿವೆ.

ಹೊಂದಿಸುವಾಗ ಮೊದಲು ಟ್ಯಾಪೆಟ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು), ಆಮೇಲೆ ಲಿವರ್. ಇಂಜಿನ್ ತಣ್ಣಗಿರಲಿ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಲಿ, ಲಿವರ್ ಇಳಿಸಿರಲಿ. ಎತ್ತಿಟ್ಟು ಸಂದು ಅಳೆಯುವ ಫೀಲರ್ ಪಟ್ಟಿ ತೂರಿಸಿದರೆ ರಾಕರ್ ವಾಲ್ವಿನ ಮೇಲೆ ಬಿಗಿದಿರುತ್ತದೆ. ಸಂದು ಇಲ್ಲವೆಂದು ಸ್ಕ್ರೂ ಸಡಿಲಿಸುತ್ತ ಹೋಗುತ್ತೀರಿ, ಆಮೇಲೆ ಇಂಜಿನ್ ದಿನವಿಡೀ "ಟಕಟಕ" ಎನ್ನುತ್ತದೆ. ಟ್ಯಾಪೆಟ್ ಮುಗಿದ ಮೇಲೆ ಲಿವರ್ ಎತ್ತಿ, ಅದರ ಸ್ಕ್ರೂ ರಾಕರಿಗೆ ತಾಗುವವರೆಗೆ ತಿರುಗಿಸಿ, ನಂತರ ಸುಮಾರು ಒಂದು ಸುತ್ತು ಕೊಟ್ಟು ಲಾಕ್ ನಟ್ ಬಿಗಿಯಿರಿ. ಸರಿಯಾದ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಇನ್ನೊಂದು ಸುತ್ತು ಇರಲಿ ಎನ್ನುವ ಉದಾರತೆ ಇಲ್ಲಿ ಬೇಡ: ತುದಿಗೆ ಬಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಜಾಗವಷ್ಟೇ.

ಲಿವರ್ ಎತ್ತಿ ಇಂಜಿನ್ ಬಂದ್ ಮಾಡುವುದು ನಮ್ಮಲ್ಲಿ ದೊಡ್ಡ ಚಟ. ಪಂಪು ಆಗಲೂ ಎಣ್ಣೆ ಚಿಮ್ಮಿಸುತ್ತಲೇ ಇರುತ್ತದೆ. ಸುಡದ ಎಣ್ಣೆ ಲೈನರಿನ ಮೇಲಿನ ಇಂಜಿನ್ ಆಯಿಲ್ ತೊಳೆದುಕೊಂಡು ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಹಾರಿದ ಮಸಿ ವಾಲ್ವ್ ಸೀಟಿನ ಮೇಲೆ ಕೂರುತ್ತದೆ. "ನಮ್ಮಪ್ಪ ಹಿಂಗ ಬಂದ್ ಮಾಡ್ತಿದ್ದ" ಎನ್ನುವವರು ಅಪ್ಪ ಎಷ್ಟು ಸಲ ವಾಲ್ವ್ ಗ್ರೈಂಡ್ ಮಾಡಿಸಿದ ಎಂಬುದನ್ನು ಹೇಳುವುದಿಲ್ಲ. ಬಂದ್ ಮಾಡಬೇಕಾದದ್ದು ಎಣ್ಣೆಯ ಕಂಟ್ರೋಲಿನಿಂದ.

ಇದಕ್ಕೆ ಹೊರತು ಒಂದೇ ಸಂದರ್ಭ: ಪಂಪಿನಲ್ಲಿ ಎಣ್ಣೆಯ ಅಳತೆ ಹಿಡಿಯುವ ರ್‍ಯಾಕ್ ಸಿಕ್ಕಿಕೊಂಡು ಇಂಜಿನ್ ಹಿಡಿತ ತಪ್ಪಿ ಚೀರತೊಡಗಿದಾಗ. ಏರ್ ಕ್ಲೀನರಿನ ಬಾಯಿಗೆ ಹಲಗೆ ಒತ್ತಿ, ಆಗಲಿಲ್ಲವೆಂದರೆ ಲಿವರ್ ಎತ್ತಿ. ರಾಕರನ್ನು ಎತ್ತುವ ಪುಶ್ ರಾಡ್ ಬಾಗಿದರೆ ಬಾಗಲಿ, ಅದು ಪೇಟೆಯಲ್ಲಿ ಸಿಗುತ್ತದೆ.