ಮನೆಯೊಳಗಿನವರಿಗೆ ನೀರು ಎಲ್ಲಿಂದ?

ಮೊನ್ನೆ ಭಾನುವಾರ ರಾತ್ರಿ ಯೂಟ್ಯೂಬಲ್ಲಿ ಅರವತ್ತರ ದಶಕದ ಒಂದು ಇಟಾಲಿಯನ್ ವೆಸ್ಟರ್ನ್, ಅಂದ್ರೆ ಇಟಲಿಯವರು ತೆಗೆದ ಅಮೆರಿಕಾದ ಕೌಬಾಯ್ ಕಥೆ, ಹಾಕ್ಕೊಂಡು ಕೂತಿದ್ದೆ. ಹೆಸರು ಹೇಳಿದರೂ ಯಾರಿಗೂ ಗೊತ್ತಾಗಲ್ಲ, ಬಿಡಿ. ಬಯಲಲ್ಲಿ ಒಂದು ಮರದ ಮನೆ, ಒಳಗೆ ವಲಸೆ ಬಂದ ಒಂದು ಸಂಸಾರ, ಹೊರಗೆ ಕುದುರೆ ಮೇಲೆ ಸುತ್ತು ಹಾಕೋ ಪುಂಡರು. ಪಕ್ಕದಲ್ಲಿ ಅವರೆಕಾಯಿ ಸುಲೀತಾ ಕೂತಿದ್ದ ಅಮ್ಮ ಕತ್ತೆತ್ತಿ ನೋಡಿದ್ರು. "ಅಲ್ಲ ಕಣೋ, ಸುತ್ತ ಒಂದು ಮರ ಇಲ್ಲ. ಈ ಮನೆಗೆ ಇಷ್ಟೊಂದು ದಿಮ್ಮಿ ಎಲ್ಲಿಂದ ತಂದ್ರು? ಕುಡಿಯೋಕೆ ನೀರು?"

ಅದು ಅಮೆರಿಕಾನೇ ಅಲ್ಲಮ್ಮ, ಸ್ಪೇನು ಅಂದೆ. ಅಲ್ಮೇರಿಯಾ ಪ್ರಾಂತ್ಯದ ತಬೆರ್ನಾಸ್ ಅನ್ನೋ ಬರಡು ನೆಲ. ಅಲ್ಲಿನ ಬೋಳುಗುಡ್ಡಗಳೇ ಇಂಥ ಎಷ್ಟೋ ಚಿತ್ರಗಳಿಗೆ ಟೆಕ್ಸಾಸ್, ಅರಿಜೋನ, ಮೆಕ್ಸಿಕೊ ಎಲ್ಲವೂ. ಆಗ ಹಾಕಿದ ಸೆಟ್ಟುಗಳಲ್ಲಿ ಕೆಲವು ಇವತ್ತಿಗೂ ನಿಂತಿವೆ, ಪ್ರವಾಸಿಗರು ಟಿಕೆಟ್ ತಗೊಂಡು ನೋಡ್ತಾರೆ.

ನನಗೆ ಈ ಬಡ ಚಿತ್ರಗಳ ಮೇಲೆ ಒಂಥರಾ ಮೋಹ. ಮುತ್ತಿಗೆಯ ಕಥೆ ಅಂದ್ರೆ ದುಡ್ಡಿಲ್ಲದ ನಿರ್ಮಾಪಕನಿಗೆ ವರ ಇದ್ದಂಗೆ. ಒಂದು ಮನೆ, ಒಂದು ರಾತ್ರಿ, ಹತ್ತು ಕುದುರೆ ಸಾಕು. ಸತ್ತ ಜೂನಿಯರ್ ಆರ್ಟಿಸ್ಟ್ ಟೋಪಿ ಬದಲಾಯಿಸಿ ಮತ್ತೆ ಸಾಯಬಹುದು! ನೆಗೆಟಿವ್ ಕೂಡ ಉಳಿತಾಯವೇ. ಟೆಕ್ನಿಸ್ಕೋಪ್ ಅಂತ ಒಂದು ಪದ್ಧತಿ ಇತ್ತು, ಒಂದು ಫ್ರೇಮಿಗೆ ಫಿಲಂ ಅಂಚಿನ ನಾಲ್ಕು ತೂತಿನಷ್ಟು ಉದ್ದ ಬೇಕಾದಲ್ಲಿ ಎರಡರಲ್ಲೇ ಮುಗಿಸೋದು. ಅರ್ಧ ರೀಲಿನ ಖರ್ಚಲ್ಲಿ ಅಗಲ ಪರದೆ. ನಟರು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಮಾತಾಡ್ತಿದ್ರು, ಆಮೇಲೆ ಡಬ್ಬಿಂಗ್. ಪೋಸ್ಟರಲ್ಲಿ ಹೆಸರೂ ಸುಳ್ಳು. ಈ ಚಿತ್ರಗಳ ಹೆಸರಾಂತ ನಿರ್ದೇಶಕ ಸೆರ್ಜಿಯೊ ಲಿಯೋನೆಯಂಥವರೇ 1964ರಲ್ಲಿ ಬಾಬ್ ರಾಬರ್ಟ್‌ಸನ್ ಆಗಿದ್ರು. ಈ ಗಾಳಿ ನಮ್ಮ ರಾಮನಗರದ ಬಂಡೆಗಳವರೆಗೂ ಬೀಸಿದ್ದಕ್ಕೇ 'ಶೋಲೆ'ಯ ರಾಮಗಢ ಅಲ್ಲಿ ಎದ್ದಿದ್ದು.

ಆದರೆ ನನಗೆ ಮುಖ್ಯ ಅನ್ಸೋದು ಹೊರಗೆ ನಿಂತಿರೋರು ಯಾರು ಅನ್ನೋದು. ಹಳೇ ಹಾಲಿವುಡ್ಡಲ್ಲಿ ಮುತ್ತಿಗೆ ಹಾಕೋರು ಹೆಚ್ಚಾಗಿ ರೆಡ್ ಇಂಡಿಯನ್ನರು. ಅವರದೇ ನೆಲ, ಆದರೂ ಅವರೇ ಖಳರು. ಇಟಲಿಯವರು ಇಂಡಿಯನ್ನರನ್ನ ತೋರಿಸಿದ್ದೇ ಕಮ್ಮಿ. ಇವರಲ್ಲಿ ಮನೆ ಸುಡೋಕೆ ಬರೋದು ಜಮೀನ್ದಾರನ ಕೂಲಿ ಬಂದೂಕುಗಳು, ರೈಲ್ವೆಯ ಏಜೆಂಟು, ಬ್ಯಾಂಕಿನ ದಣಿ. ಎಡಪಂಥದ ಕಡೆ ಒಲವಿದ್ದ ನಿರ್ದೇಶಕರೂ ಬರಹಗಾರರೂ ಅಲ್ಲಿ ಬಹಳ ಇದ್ರು, ಅದೂ ಒಂದು ಕಾರಣ. ಬಯ್ಯಬೇಕಾದ ವಿಷಯಗಳೂ ಇವೆ. ಹೆಂಗಸರಿಗೆ ಗುಂಡು ತುಂಬಿಕೊಡೋದು, ಕಿರುಚೋದು ಬಿಟ್ರೆ ಬೇರೆ ಕೆಲಸವೇ ಇರಲ್ಲ. ಆದರೂ ಖಳ ಯಾರು ಅನ್ನೋದರಲ್ಲಿ ಈ ಸುಳ್ಳು ಸೆಟ್ಟಿನವರು ಚರಿತ್ರೆಗೆ ಹತ್ತಿರ ಅನ್ನೋದು ನನ್ನ ವಾದ.

ಯಾಕೆ ಅಂದ್ರೆ 1892ರ ಏಪ್ರಿಲ್‌ನಲ್ಲಿ ಅಮೆರಿಕಾದ ವಯೋಮಿಂಗ್ ರಾಜ್ಯದ ಜಾನ್ಸನ್ ಕೌಂಟಿಯಲ್ಲಿ ಆಗಿದ್ದು ಇದೇ. ದೊಡ್ಡ ದನದ ಮಾಲೀಕರು ಟೆಕ್ಸಾಸಿನಿಂದ ಬಂದೂಕಿನವರನ್ನ ಕರೆಸಿ, ಸುಮಾರು ಐವತ್ತು ಜನ ಸೇರಿ, ನೇಟ್ ಚಾಂಪಿಯನ್ ಅನ್ನೋ ಸಣ್ಣ ಸಾಕಣೆಗಾರನ ಗುಡಿಸಲನ್ನ ಸುತ್ತುವರಿದ್ರು. ಅವನ ಜೊತೆಗಾರ ನಿಕ್ ರೇ ಬೆಳಗ್ಗೆ ಬಾಗಿಲ ಹತ್ತಿರವೇ ಗುಂಡೇಟು ತಿಂದ. ಚಾಂಪಿಯನ್ ಅವನನ್ನ ಒಳಗೆ ಎಳೆದುಕೊಂಡ, ಒಬ್ಬನೇ ಗುಂಡು ಹಾರಿಸ್ತಾ ಮಧ್ಯೆ ಮಧ್ಯೆ ಸಣ್ಣ ಪುಸ್ತಕದಲ್ಲಿ ಬರೀತಾ ಹೋದ. ರೇ ಸತ್ತಿದ್ದನ್ನ ಬರೆದ. ಕೊನೆಗೆ ಮನೆಗೆ ಬೆಂಕಿ ಬಿದ್ದಿದೆ, ಹೋಗಿಬರ್ತೀನಿ ಗೆಳೆಯರೇ ಅಂತ ಬರೆದು, ಹೊಗೆಯೊಳಗಿಂದ ಓಡಿದ. ಹೊರಗೆ ಕಾಯ್ತಿದ್ದವರು ಹೊಡೆದುರುಳಿಸಿ, ಹೆಣದ ಎದೆ ಮೇಲೆ ದನಗಳ್ಳರಿಗೆ ಎಚ್ಚರಿಕೆ ಅಂತ ಚೀಟಿ ಸಿಕ್ಕಿಸಿದ್ರು. ಆ ಹತ್ಯೆಗೆ ಯಾರಿಗೂ ಶಿಕ್ಷೆ ಆಗ್ಲಿಲ್ಲ.

ಇದನ್ನ ಅಮ್ಮನಿಗೆ ಹೇಳಿದೆ. ಆ ರಾತ್ರಿ ಗುಡಿಸಲಲ್ಲಿ ಉಳಿದಿದ್ದ ಒಬ್ಬ ಬೇಟೆಗಾರ ಬೆಳಗಾಗ್ತಲೇ ನೀರು ತರೋಕೆ ಹೊರಗೆ ಹೋಗಿದ್ದ, ಮುತ್ತಿಗೆಯವರು ಮೊದಲು ಹಿಡಿದಿದ್ದೇ ಅವನನ್ನ ಅಂತಲೂ ಹೇಳಿದೆ.

ಅಮ್ಮನ ಕೈ ಅವರೆಕಾಯಿ ಮೇಲೇ ನಿಂತಿತು. "ನೀರು ಬರ್ಲೇ ಇಲ್ಲ ಅಂತಾಯ್ತು. ಆ ಏಟು ತಿಂದವನ ಬಾಯಿಗೆ ಏನು ಬಿಟ್ಟನೋ ಪಾಪ."