ಸರ್ಕಲ್‌ನೊಳಗೆ ಇರುವವರಿಗೆ ಮೊದಲು ದಾರಿ ಬಿಡೋಣ

ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ ಯಾರು ಮೊದಲು ಹೋಗಬೇಕು ಎಂಬುದನ್ನು ನಮ್ಮ ಚಿಕ್ಕಮಗಳೂರಿನಲ್ಲಿ ಇಂದು ತೀರ್ಮಾನಿಸುತ್ತಿರುವುದು ಹಾರನ್ನಿನ ಸದ್ದು ಮತ್ತು ಗಾಡಿಯ ಗಾತ್ರ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವವರನ್ನು ನಾನು ಒಪ್ಪುವುದಿಲ್ಲ. ವಾರದ ದಿನಗಳಲ್ಲಿ ನಮ್ಮ ಊರಿನವರೇ ಹನುಮಂತಪ್ಪ ವೃತ್ತದಲ್ಲಿ ಹೇಗೆ ನುಗ್ಗುತ್ತೇವೆ ಎಂಬುದನ್ನು ಹತ್ತು ನಿಮಿಷ ನಿಂತು ನೋಡಿದರೆ ಸಾಕು.

ಇದಕ್ಕೆ ಕಾನೂನು ಇದೆ. ಮೋಟಾರು ವಾಹನ ಕಾಯ್ದೆ, 1988ರ 118ನೇ ಸೆಕ್ಷನ್ನಿನ ಅಡಿಯಲ್ಲಿ ಕೇಂದ್ರ ಸರ್ಕಾರ 1989ರಲ್ಲಿ ರಸ್ತೆ ನಿಯಮಗಳನ್ನು ರೂಪಿಸಿತು, 2017ರಲ್ಲಿ ಅವುಗಳ ಬದಲಿಗೆ ಹೊಸ ಚಾಲನಾ ನಿಯಮಗಳನ್ನು ತಂದಿತು. ಅವುಗಳ ಪ್ರಕಾರ, ಜಂಕ್ಷನ್ ಹತ್ತಿರವಾದಂತೆ ವೇಗ ತಗ್ಗಿಸಬೇಕು. ಅಡ್ಡರಸ್ತೆಯಿಂದ ಬರುವವರು ಮುಖ್ಯರಸ್ತೆಯಲ್ಲಿ ಸಾಗುತ್ತಿರುವವರಿಗೆ ದಾರಿ ಬಿಡಬೇಕು. ಮುಖ್ಯ, ಅಡ್ಡ ಎಂಬ ಭೇದವಿಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಸರಿಯುತ್ತರ ಗುರುತು ಮಾಡಿದವರೇ ನಾವೆಲ್ಲ.

ಬಲಗಡೆಯವರಿಗೇ ಏಕೆ ಎಂಬುದು ಸರ್ಕಲ್‌ನಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಎಡಬದಿಯಲ್ಲಿ ಚಲಿಸುವ ನಾವು ಸರ್ಕಲನ್ನು ದೇವಸ್ಥಾನದ ಪ್ರದಕ್ಷಿಣೆಯಂತೆ ಬಲಕ್ಕೆ ಇಟ್ಟುಕೊಂಡು ಸುತ್ತುವುದರಿಂದ, ಒಳಗೆ ಬರಲು ಕಾಯುತ್ತಿರುವವರಿಗೆ ಒಳಗಿನ ಗಾಡಿ ಯಾವಾಗಲೂ ಬಲಗಡೆಯಿಂದಲೇ ಎದುರಾಗುತ್ತದೆ. ಒಳಗಿರುವವರನ್ನು ನಿಲ್ಲಿಸಿ ಹೊರಗಿನವರು ನುಗ್ಗಿದರೆ, ಒಳಗಿನವರು ತಮ್ಮ ರಸ್ತೆಗೆ ಹೊರಳಿಕೊಳ್ಳಲಾಗದೆ ಅಲ್ಲೇ ನಿಲ್ಲುತ್ತಾರೆ, ಅವರ ಹಿಂದೆ ಇನ್ನೊಬ್ಬರು, ಕೊನೆಗೆ ನುಗ್ಗಿದವರಿಗೂ ಜಾಗವಿಲ್ಲ. ಬ್ರಿಟನ್ನಿನ ಸರ್ಕಲ್‌ಗಳೂ ಹೀಗೆ ಕಟ್ಟಿಕೊಳ್ಳುತ್ತಿದ್ದ ಕಾರಣಕ್ಕೇ ಅಲ್ಲಿ 1966ರಲ್ಲಿ ಬಲಗಡೆಯವರಿಗೆ ಆದ್ಯತೆ ಎಂಬ ನಿಯಮ ಜಾರಿಗೆ ಬಂತು. ಅಂದರೆ ಇದು ಬರೀ ಸೌಜನ್ಯದ ಮಾತಲ್ಲ, ಸಂಚಾರ ಹರಿಯುವ ಬಗೆಯೇ ಇದರ ಮೇಲೆ ನಿಂತಿದೆ.

ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವುದು ಊರ ಹೊರಗಿನ ಕೂಡುರಸ್ತೆಗಳು. ಮೂಡಿಗೆರೆ ಕಡೆಗೆ ಹೋಗುವಾಗ ಕಾಫಿ ತೋಟದ ಇಳಿಜಾರು ದಾರಿಗಳು ಸಿಲ್ವರ್ ಓಕ್ ಮರಗಳ ಸಂದಿಯಿಂದ ನೇರವಾಗಿ ಡಾಂಬರಿಗೆ ಬಂದು ಸೇರುತ್ತವೆ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆ ಹೇರಿದ ಪಿಕಪ್ಪಿನ ಮೂತಿ ಅರ್ಧ ರಸ್ತೆಗೆ ಬಂದ ಮೇಲೆಯೇ ಅದರ ಚಾಲಕನಿಗೆ ರಸ್ತೆ ಕಾಣುವುದು. ಅಲ್ಲಿ ಪೂರ್ತಿ ನಿಂತು, ಎರಡೂ ಕಡೆ ನೋಡಿ, ಆಮೇಲೆ ಹೊರಡಬೇಕು. ಮಂಜು ಮುಸುಕಿದ ಬೆಳಗಿನಲ್ಲಂತೂ ಕಿಟಕಿ ಇಳಿಸಿ ಕಿವಿಗೊಟ್ಟು ಕೇಳಬೇಕು.

ನೇರ ಹೋಗುತ್ತೇವೆಂದು ತಿಳಿಸಲು ನಾಲ್ಕೂ ಇಂಡಿಕೇಟರ್ ಹಾಕುವ ಅಭ್ಯಾಸವೊಂದಿದೆ. ಅಡ್ಡರಸ್ತೆಯಲ್ಲಿ ನಿಂತವರಿಗೆ ಕಾಣುವುದು ಗಾಡಿಯ ಒಂದೇ ಬದಿ. ಅವರು ಅದನ್ನು ತಿರುಗುವ ಸೂಚನೆ ಎಂದು ನಂಬಿ ಮುಂದೆ ಬರುತ್ತಾರೆ. ದಯವಿಟ್ಟು ಇದನ್ನು ಬಿಡಿ. ಆ ದೀಪಗಳಿರುವುದು ಕೆಟ್ಟು ನಿಂತ ಗಾಡಿಗೆ.

2019ರ ತಿದ್ದುಪಡಿಯ ನಂತರ ಚಾಲನಾ ನಿಯಮಗಳ ಉಲ್ಲಂಘನೆಗೆ 500ರಿಂದ 1,000 ರೂಪಾಯಿ ದಂಡವಿದೆ. ಆದರೆ ಬರೀ ದಂಡದಿಂದ ಇದು ಸರಿಹೋಗುತ್ತದೆಂಬ ನಂಬಿಕೆ ನನಗಿಲ್ಲ, ಏಕೆಂದರೆ ಎಲ್ಲಿ ನಿಲ್ಲಬೇಕೆಂದು ರಸ್ತೆಯೇ ಹೇಳುವುದಿಲ್ಲ. ತಲೆಕೆಳಗಾದ ತ್ರಿಕೋನದ, ಅಂದರೆ ದಾರಿ ಬಿಡಿ ಎನ್ನುವ ಫಲಕವನ್ನು ನಮ್ಮ ಅಡ್ಡರಸ್ತೆಗಳ ಬಾಯಲ್ಲಿ ಎಷ್ಟು ಜನ ನೋಡಿದ್ದೀರಿ? ಮುಂದಿನ ಕೊಯ್ಲು ಶುರುವಾಗುವ ಮೊದಲು ಆ ಫಲಕಗಳನ್ನು ನೆಡಬೇಕು, ಬಿಳಿ ಗೆರೆ ಎಳೆಯಬೇಕು, ಡ್ರೈವಿಂಗ್ ಸ್ಕೂಲಿನವರು ಕಲಿಯುವವರನ್ನು ಖಾಲಿ ಮೈದಾನದಲ್ಲಷ್ಟೇ ಸುತ್ತಿಸದೆ ಸಂಜೆಯ ಹೊತ್ತು ಸರ್ಕಲ್‌ಗೂ ಕರೆತರಬೇಕು. ಈ ಬೇಡಿಕೆಯನ್ನು ಬರವಣಿಗೆಯಲ್ಲಿ ನಗರಸಭೆಗೂ ಸಂಚಾರ ಪೊಲೀಸರಿಗೂ ಕೊಡಲಿದ್ದೇನೆ. ನಿಮ್ಮ ಬೀದಿಯ ಅಪಾಯದ ಜಂಕ್ಷನ್ ಯಾವುದೆಂದು ತಿಳಿಸಿದರೆ ಅದನ್ನೂ ಸೇರಿಸುತ್ತೇನೆ.