ಶೇ. 4ರ ಬಗ್ಗೆಯೇ ಎಷ್ಟು ಮಾತಾಡೋದು?

ಅಮೆರಿಕದ ಗುಂಡಿನ ದಾಳಿಗಳಿಗೆ ಮಾನಸಿಕ ಕಾಯಿಲೆಯೇ ಮೂಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನನಗೆ ಒಪ್ಪಿಗೆಯಿಲ್ಲ. 2019ರಲ್ಲಿ ಅಲ್ಲಿನ ಎಲ್ ಪಾಸೊ, ಡೇಟನ್ ನಗರಗಳಲ್ಲಿ ಗುಂಡು ಹಾರಿಸಿ ಹತ್ಯೆಗಳಾದಾಗ ಟ್ರಂಪ್ ಕೂಡ ಇದನ್ನೇ ಹೇಳಿದ್ದರು, ಟ್ರಿಗರ್ ಒತ್ತುವುದು ಮಾನಸಿಕ ಕಾಯಿಲೆ ಮತ್ತು ದ್ವೇಷ, ಬಂದೂಕಲ್ಲ ಅಂತ. ಆದರೆ ಅಲ್ಲಿನ ಸಂಶೋಧಕರ ಅಂದಾಜಿನಲ್ಲಿ ಒಟ್ಟು ಹಿಂಸೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಪಾಲು ಸುಮಾರು ಶೇ. 4 ಅಷ್ಟೇ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರೆಲ್ಲ ನಾಳೆಯೇ ಗುಣವಾದರೂ ಉಳಿದ ಹಿಂಸೆ ಹಾಗೇ ಇರುತ್ತದೆ. ಈ ಕಾಯಿಲೆಗಳು ಬೇರೆ ದೇಶಗಳಲ್ಲೂ ಇವೆ ಅಲ್ವಾ? ಅಲ್ಲಿ ಅಷ್ಟು ಸುಲಭವಾಗಿ ಬಂದೂಕು ಸಿಗಲ್ಲ.

ಮಾನಸಿಕ ಕಾಯಿಲೆಗೂ ಬಂದೂಕಿಗೂ ನಿಜವಾದ ನಂಟು ಇರುವುದು ಆತ್ಮಹತ್ಯೆಯಲ್ಲಿ, ಅದನ್ನು ನೀವು ಮುಟ್ಟಲೇ ಇಲ್ಲ. 2021ರಲ್ಲಿ ಅಲ್ಲಿ ಗುಂಡೇಟಿಗೆ ಸತ್ತವರು 48,830 ಜನ, ಅದರಲ್ಲಿ 26,328 ಮಂದಿ ತಾವೇ ಗುಂಡು ಹಾರಿಸಿಕೊಂಡವರು. ಮಾತ್ರೆ ನುಂಗಿದವರನ್ನು ಎಷ್ಟೋ ಸಲ ಉಳಿಸಬಹುದು, ಗುಂಡು ಆ ಅವಕಾಶ ಕೊಡುವುದು ತೀರಾ ಕಡಿಮೆ.

ನಮ್ಮ ಮನೆಯಲ್ಲೂ ಸ್ಕಿಜೋಫ್ರೇನಿಯಾಗೆ ದಿನಾ ಮಾತ್ರೆ ತಗೊಳ್ಳೋರು ಇದ್ದಾರೆ. ಇಂಥದ್ದನ್ನು ಓದಿದವರು ಅವರನ್ನು ಕಂಡು ಸುಮ್ನೆ ಹೆದರುತ್ತಾರೆ, ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕನೆಕ್ಟಿಕಟ್ ರಾಜ್ಯ 1999ರಲ್ಲೇ ಒಂದು ಕಾನೂನು ತಂದಿತು. ತನಗೋ ಬೇರೆಯವರಿಗೋ ಅಪಾಯ ಮಾಡುವ ಲಕ್ಷಣ ಕಂಡರೆ ಕೋರ್ಟ್ ಅನುಮತಿ ಪಡೆದು ಪೊಲೀಸರು ಅಂಥವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಬಹುದು. ಕಾಯಿಲೆಯ ಹೆಸರೇ ಬೇಕಿಲ್ಲ. ಮುಂದಿನ ಲೇಖನದಲ್ಲಿ ದಯವಿಟ್ಟು ಇದರ ಬಗ್ಗೆ ಬರೆಯಿರಿ.